ಸ್ಕಿಡ್ ಪ್ಲೇಟ್ ಇರುವ ಗಾಡಿಯ ಆಯಿಲ್ ಬದಲಿಸುವಾಗ ಪ್ಲೇಟ್ ಬಿಚ್ಚಲೇಬೇಕೇ?

ಪ್ರಶ್ನೆ: ನನ್ನ ಫೋರ್ ಬೈ ಫೋರ್ ಗಾಡಿಗೆ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಮೂರರ ಕೆಳಗೂ ಸ್ಟೀಲ್ ಸ್ಕಿಡ್ ಪ್ಲೇಟ್ (ಕಲ್ಲಿನ ಏಟು ತಡೆಯುವ ತಟ್ಟೆ) ಹಾಕಿಸಿದ್ದೇನೆ. ಆಮೇಲೆ ಮೊದಲ ಸಲ ಎಂಜಿನ್ ಆಯಿಲ್ ಬದಲಿಸಿದಾಗ ಪ್ಲೇಟಿನಲ್ಲಿ ಕೊಟ್ಟಿರುವ ತೂತಿನ ಮೂಲಕವೇ ಇಳಿಸಿದೆ. ಸಾಕಷ್ಟು ಆಯಿಲ್ ಪ್ಲೇಟಿನ ಮೇಲೆಯೇ ನಿಂತು, ಎಷ್ಟೋ ದಿನ ತೊಟ್ಟಿಕ್ಕುತ್ತಲೇ ಇತ್ತು. ಪ್ರತಿ ಸಲವೂ ಪ್ಲೇಟ್ ಬಿಚ್ಚಬೇಕೇ? ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್‌ಗೂ ಇದೇ ಪಾಡೇ?

ಉತ್ತರ: ಎಂಜಿನ್ ಆಯಿಲ್ ಒಂದನ್ನು ಮಾತ್ರ ಪ್ಲೇಟ್ ಬಿಚ್ಚದೆ ಬದಲಿಸಬಹುದು, ಅದೂ ಆಯಿಲ್ ಹರಿದುಹೋಗಲು ಸರಿಯಾದ ದೋಣಿ ಕಟ್ಟಿಕೊಂಡರೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಕೂಲೆಂಟ್ ಇವಕ್ಕೆ ಬಿಚ್ಚುವುದೇ ಸರಿ. ಬ್ರೇಕ್ ಆಯಿಲ್‌ಗೂ ಪ್ಲೇಟಿಗೂ ಸಂಬಂಧವಿಲ್ಲ. ನನ್ನ ಸಲಹೆ ಏನೆಂದರೆ, ಕೆಲಸಗಳನ್ನು ಒಟ್ಟುಗೂಡಿಸಿ: ಎರಡು ಸಲ ಎಂಜಿನ್ ಆಯಿಲ್ ಬದಲಿಸಿದರೆ ಅದರಲ್ಲಿ ಒಂದು ಸಲವಾದರೂ ಎಲ್ಲ ಪ್ಲೇಟ್ ಇಳಿಸಿ, ಉಳಿದ ಆಯಿಲ್‌ಗಳನ್ನೂ ಅವತ್ತೇ ನೋಡಿ. ಪ್ಲೇಟ್ ಕಲ್ಲಿನ ಏಟನ್ನು ತಡೆಯುತ್ತದೆ ನಿಜ, ಆದರೆ ಸೋರುತ್ತಿರುವ ಸೀಲು, ಬಿರುಕು ಬಿಟ್ಟ ಹೌಸಿಂಗ್, ಸಡಿಲವಾದ ಮೌಂಟು ಇವನ್ನೂ ಮರೆಮಾಡುತ್ತದೆ. ಪ್ಲೇಟ್ ಕೆಳಗಿಳಿದ ದಿನವೇ ಗಾಡಿಯ ಹೊಟ್ಟೆ ನಿಮ್ಮ ಕಣ್ಣಿಗೆ ಬೀಳುವುದು.

ಮೊದಲು ನಿಮಗಾದದ್ದು ಏಕೆ ಆಯಿತು ಅಂತ ನೋಡೋಣ. ಬಹಳಷ್ಟು ಎಂಜಿನ್‌ಗಳಲ್ಲಿ ಡ್ರೇನ್ ಪ್ಲಗ್ ಆಯಿಲ್ ಚೇಂಬರಿನ ತಳದಲ್ಲಿ ನೇರ ಕೆಳಮುಖವಾಗಿರುವುದಿಲ್ಲ. ಪಕ್ಕಕ್ಕೋ ಹಿಂದಕ್ಕೋ ಓರೆಯಾಗಿರುತ್ತದೆ. ಪ್ಲಗ್ ಬಿಚ್ಚಿದ ತಕ್ಷಣ ಮೇಲಿರುವ ಆಯಿಲ್‌ನ ಒತ್ತಡಕ್ಕೆ ಧಾರೆ ದೂರಕ್ಕೆ ಚಿಮ್ಮಿ ತೂತಿನ ಆಚೆ ಅಂಚಿಗೆ ಬೀಳುತ್ತದೆ. ಚೇಂಬರ್ ಖಾಲಿಯಾಗುತ್ತ ಬಂದಂತೆ ಧಾರೆ ಹಿಂದೆ ಸರಿದು, ಕೊನೆಗೆ ಚೇಂಬರಿನ ಗೋಡೆಗೆ ಅಂಟಿಕೊಂಡೇ ಇಳಿದು ಈಚೆ ಅಂಚಿಗೆ ಬೀಳುತ್ತದೆ. ತೂತಿಗೆ ಸರಿಯಾಗಿ ಬೀಳುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ಪ್ಲೇಟಿನ ಅಂಚುಗಳು ಮೇಲಕ್ಕೆ ಮಡಚಿರುವುದರಿಂದ ಹೊರಗೆ ಬಿದ್ದದ್ದು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಗಾಡಿ ಏರು ಹತ್ತಿದಾಗ, ಬ್ರೇಕ್ ಹಿಡಿದಾಗ ಅಲ್ಲಿ ಇಲ್ಲಿ ಸೋರುತ್ತದೆ.

ಪ್ಲೇಟ್ ಬಿಚ್ಚದೆ ಮಾಡುವುದಾದರೆ ದಪ್ಪ ರಟ್ಟನ್ನು ಒಂದು ಗೇಣು ಅಗಲಕ್ಕೆ ಕತ್ತರಿಸಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಉದ್ದಕ್ಕೆ ಮಡಚಿ ದೋಣಿಯಾಕಾರ ಮಾಡಿಕೊಳ್ಳಿ. ಒಂದು ತುದಿ ಪ್ಲಗ್‌ನ ಕೆಳಗೆ ಚೇಂಬರಿಗೆ ಒತ್ತಿಕೊಂಡಿರಬೇಕು, ಇನ್ನೊಂದು ತುದಿ ತೂತಿನಿಂದ ಕನಿಷ್ಠ 5 ಸೆಂ.ಮೀ. ಕೆಳಗೆ ಇಳಿದಿರಬೇಕು. ಹಳೇ ಆಯಿಲ್ ಕ್ಯಾನ್ ಸೀಳಿ ಮಾಡಿದ ಪ್ಲಾಸ್ಟಿಕ್ ದೋಣಿಯೂ ಆದೀತು, ಆದರೆ ಬಿಸಿ ಆಯಿಲ್‌ಗೆ ಅದು ಮೆತ್ತಗಾಗಿ ಬಾಗುತ್ತದೆ. ಫಿಲ್ಟರ್ ಬಿಚ್ಚುವಾಗ ಅದರ ಸುತ್ತ ಗಟ್ಟಿ ಪ್ಲಾಸ್ಟಿಕ್ ಚೀಲ ಹಾಕಿ, ಅರ್ಧ ಸುತ್ತು ಮಾತ್ರ ಸಡಿಲಿಸಿ, ಒಳಗಿನ ಆಯಿಲ್ ಚೀಲಕ್ಕೆ ಇಳಿಯುವವರೆಗೆ ಕಾದು ಆಮೇಲೆ ಪೂರ್ತಿ ತೆಗೆಯಿರಿ. ಅಡ್ಡವಾಗಿ ಕೂರುವ ಫಿಲ್ಟರ್‌ಗಳಲ್ಲಿ ಇದು ತುಂಬ ಮುಖ್ಯ.

ಡ್ರೇನ್ ಪ್ಲಗ್‌ನ ಜಾಗಕ್ಕೆ ಪೈಪು ಸಿಕ್ಕಿಸುವಂಥ ವಾಲ್ವ್ ಹಾಕಿಸಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಟಾರ್ ರಸ್ತೆಯ ಗಾಡಿಗೆ ಅದು ಒಳ್ಳೆಯದೇ. ಕಲ್ಲುದಾರಿಯ ಗಾಡಿಗಾದರೆ, ವಾಲ್ವ್‌ಗೂ ಪ್ಲೇಟಿಗೂ ನಡುವೆ ಎಷ್ಟು ಜಾಗ ಇದೆ ಎಂದು ಮೊದಲು ಅಳೆಯಿರಿ. ಬಂಡೆಯ ಮೇಲೆ ಗಾಡಿಯ ಭಾರ ಕೂತಾಗ ಪ್ಲೇಟ್ ಮೇಲಕ್ಕೆ ಬಾಗುತ್ತದೆ. ವಾಲ್ವ್ ಅದಕ್ಕೆ ತಗುಲಿ ಮುರಿದರೆ ಕೆಲವೇ ಕ್ಷಣಗಳಲ್ಲಿ ಎಂಜಿನ್ ಆಯಿಲ್ ಪೂರ್ತಿ ಹೋಗುತ್ತದೆ. ಜಾಗ 3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬೇಡವೇ ಬೇಡ.

ಇನ್ನು ಪ್ಲೇಟ್ ಬಿಚ್ಚುವ ವಿಷಯ. ಕಷ್ಟವೆಲ್ಲ ಇರುವುದು ಬೋಲ್ಟುಗಳಲ್ಲಿ, ಆ ಕಷ್ಟದ ಮುಕ್ಕಾಲು ಪಾಲು ಕೆಸರಿನಿಂದ. ಪ್ಲೇಟಿನೊಳಗೆ ಹುದುಗಿರುವ ಬೋಲ್ಟಿನ ತಲೆಯ ಸುತ್ತ ಮಣ್ಣು ಗಟ್ಟಿಯಾಗಿ ಕಲ್ಲಿನಂತಾಗಿರುತ್ತದೆ. ಸಾಕೆಟ್ ಪೂರ್ತಿ ಕೂತಿದೆ ಅನ್ನಿಸುತ್ತದೆ, ನಿಜಕ್ಕೆ ಅರ್ಧ ಮಾತ್ರ ಕೂತಿರುತ್ತದೆ. ಬಲ ಹಾಕಿದೊಡನೆ ತಲೆ ರೌಂಡ್ ಆಗುತ್ತದೆ. ಹಿಂದಿನ ದಿನವೇ ಗಾಡಿಯ ತಳವನ್ನು ಜೋರು ನೀರಿನಲ್ಲಿ ತೊಳೆಯಿರಿ. ಒಣಗಿದ ಮೇಲೆ ಮೊಂಡ ಸ್ಕ್ರೂಡ್ರೈವರಿನಿಂದ ಪ್ರತಿ ತಲೆಯ ಸುತ್ತಲಿನ ಮಣ್ಣನ್ನು ಕೆರೆದು, ವೈರ್ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದೇ ಇರಲಿ. ಅಲೆನ್ ತಲೆಯ ಬೋಲ್ಟಾದರೆ ಒಳಗಿನ ಮಣ್ಣು ಪೂರ್ತಿ ತೆಗೆದು, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳಕ್ಕೆ ಕೂರಿಸಿ ತಿರುಗಿಸಿ.

ಪ್ಲೇಟಿನ ತೂಕವನ್ನು ಹಗುರವಾಗಿ ಎಣಿಸಬೇಡಿ. 5 ಮಿ.ಮೀ. ಸ್ಟೀಲ್ ಹಾಳೆ ಒಂದು ಚದರ ಮೀಟರಿಗೆ ಸುಮಾರು 39 ಕಿಲೋ ತೂಗುತ್ತದೆ, 6 ಮಿ.ಮೀ. ಅಲ್ಯೂಮಿನಿಯಂ ಆದರೆ ಸುಮಾರು 16 ಕಿಲೋ. ಎಂಜಿನ್ ಕೆಳಗಿನ ಸ್ಟೀಲ್ ಪ್ಲೇಟ್ ಒಂದೇ 20 ಕಿಲೋ ದಾಟುವುದು ಮಾಮೂಲು. ಅಂಗಾತ ಮಲಗಿ ಅದನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ಅಪಾಯ. ಟ್ರಾಲಿ ಜಾಕಿನ ಮೇಲೆ ಮರದ ಹಲಗೆ ಇಟ್ಟು ಪ್ಲೇಟಿನ ನಡುವಿಗೆ ತಾಗಿಸಿ, ಮುಂದಿನ ಬೋಲ್ಟುಗಳನ್ನು ಪೂರ್ತಿ ತೆಗೆದು, ಹಿಂದಿನ ಎರಡನ್ನು ಕೆಲವೇ ಸುತ್ತು ಉಳಿಸಿಕೊಂಡು ಜಾಕ್ ನಿಧಾನ ಇಳಿಸಿ. ಆಗ ಪ್ಲೇಟ್ ಕದದಂತೆ ಕೆಳಕ್ಕೆ ಬಾಗಿ ನಿಲ್ಲುತ್ತದೆ. ಬರೀ ಆಯಿಲ್ ಬದಲಿಸಲು ಅಷ್ಟೇ ಸಾಕಾಗಬಹುದು. ಬಂಡೆಗೆ ಬಡಿದು ಬಾಗಿದ ಪ್ಲೇಟ್ ಬೋಲ್ಟುಗಳನ್ನು ಪಕ್ಕಕ್ಕೆ ಎಳೆದು ಹಿಡಿದಿರುತ್ತದೆ. ಅಂಥಲ್ಲಿ ಸನ್ನೆಗೋಲಿನಿಂದ ಪ್ಲೇಟನ್ನು ತುಸು ಒತ್ತಿ ಹಿಡಿದು ಆ ಎಳೆತ ತಪ್ಪಿಸಿದರೆ ಬೋಲ್ಟ್ ಸಲೀಸಾಗಿ ಬರುತ್ತದೆ; ಬಲವಂತ ಮಾಡಿದರೆ ಚಾಸಿಗೆ ಬೆಸೆದ ನಟ್ಟು ಕಿತ್ತು ಬಂದು ಒಳಗೇ ತಿರುಗತೊಡಗುತ್ತದೆ.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಪ್ಲೇಟ್ ಬರೀ ರಕ್ಷಣೆಗಲ್ಲ, ಭಾರವನ್ನೂ ಹೊತ್ತಿರುತ್ತದೆ. ಜೀಪ್ ರ್‍ಯಾಂಗ್ಲರ್ ಟಿಜೆ ಮಾದರಿಯಲ್ಲಿ ನಡುವಿನ ಸ್ಕಿಡ್ ಪ್ಲೇಟೇ ಗೇರ್‌ಬಾಕ್ಸ್ ಕೂರುವ ಅಡ್ಡತೊಲೆ. ಗೇರ್‌ಬಾಕ್ಸ್‌ಗೆ ಬೇರೆ ಜಾಕ್ ಕೊಡದೆ ಅದನ್ನು ಬಿಚ್ಚಿದರೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ಪ್ಲೇಟಿನ ಜೊತೆಗೇ ಕೆಳಕ್ಕೆ ಬರುತ್ತವೆ. ನಿಮ್ಮ ಪ್ಲೇಟಿನ ಮೇಲೆ ಯಾವುದಾದರೂ ರಬ್ಬರ್ ಮೌಂಟಿನ ನಟ್ಟು ಕಾಣುತ್ತಿದ್ದರೆ ನಿಲ್ಲಿಸಿ, ಮೊದಲು ಆಸರೆ ಕೊಡಿ. ಇಂಧನ ಟ್ಯಾಂಕಿನ ಪ್ಲೇಟಿನ ಗೊಡವೆಗೆ ಹೋಗಬೇಡಿ. ಟ್ಯಾಂಕ್ ಅದರ ಮೇಲೆಯೇ ಕೂತಿರುವ ಗಾಡಿಗಳಿವೆ, ಆಯಿಲ್ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಗಾಡಿಯನ್ನು ಎತ್ತುವುದಾದರೆ ಜಾಕ್ ಸ್ಟ್ಯಾಂಡ್ ಕೊಡದೆ ಕೆಳಗೆ ತೂರಬೇಡಿ, ಮುಂದಷ್ಟೇ ಎತ್ತಿ ನಿಲ್ಲಿಸಲೂಬೇಡಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡೂ ಬದಿಯ ಚಕ್ರಗಳಿಗೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಮೂರರಲ್ಲೂ ಆಯಿಲ್‌ನ ಅಳತೆಯನ್ನು ಸಾಮಾನ್ಯವಾಗಿ ಆಯಿಲ್ ತುಂಬುವ ಫಿಲ್ ಪ್ಲಗ್‌ನ ತೂತಿನ ಮಟ್ಟವೇ ಹೇಳುತ್ತದೆ. ಗಾಡಿ ಓರೆಯಾಗಿದ್ದರೆ ಆ ಮಟ್ಟವೇ ಸುಳ್ಳಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಚೆನ್ನಾಗಿರುವ ಗಾಡಿಯಾದರೆ ಎತ್ತದೆ, ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು ಮಾಡುವುದೇ ಎಲ್ಲಕ್ಕಿಂತ ಒಳ್ಳೆಯದು.

ಕೆಲಸ ಶುರು ಮಾಡುವ ಮೊದಲು 10–15 ನಿಮಿಷ ಗಾಡಿ ಓಡಿಸಿ. ಆಯಿಲ್ ಬೆಚ್ಚಗಾದರೆ ತೆಳುವಾಗುತ್ತದೆ, ತಳದ ಕಸವನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಸೈಲೆನ್ಸರ್ ಪೈಪು ಕೈಸುಡದಷ್ಟು ಆರುವವರೆಗೆ ಕಾಯಿರಿ. ಮೊದಲು ಎಂಜಿನ್ ಆಯಿಲ್ ಇಳಿಯಲು ಬಿಡಿ. ಅದು ಇಳಿಯುವ ಹೊತ್ತಿನಲ್ಲಿ ಹಿಂದಿನ ಕೆಲಸ ನೋಡಿಕೊಳ್ಳಬಹುದು. ಡ್ರೇನ್ ಪ್ಲಗ್‌ಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿ. ಬಿಗಿಯುವ ಬಲ ಬಹುತೇಕ ಗಾಡಿಗಳಲ್ಲಿ 30–40 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮದರ ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹಾಳಾಗುವುದು ಹೆಚ್ಚಾಗಿ ಅತಿ ಬಿಗಿಯಿಂದಲೇ. ಹಳೇ ಫಿಲ್ಟರ್ ತೆಗೆದ ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರಿನ ಜೊತೆಗೇ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಅದು ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ, ಎರಡು ರಿಂಗಿನ ನಡುವಿನಿಂದ ಆಯಿಲ್ ಒತ್ತಡದೊಂದಿಗೆ ಹೊರಗೆ ನುಗ್ಗುತ್ತದೆ. ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಯಾವುದೇ ಇರಲಿ, ಮೊದಲು ಫಿಲ್ ಪ್ಲಗ್ ಬಿಚ್ಚಿ. ಅದು ಸಡಿಲವಾದ ಮೇಲಷ್ಟೇ ಡ್ರೇನ್ ಪ್ಲಗ್ ಮುಟ್ಟಿ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ ಪ್ಲಗ್ ತುಕ್ಕು ಹಿಡಿದು ಕದಲುವುದಿಲ್ಲ ಎಂದು ಗೊತ್ತಾದರೆ ಗಾಡಿ ಅಲ್ಲೇ ನಿಂತಿತು ಎಂದೇ ಲೆಕ್ಕ.

ಇಳಿದ ಆಯಿಲ್ ಅನ್ನು ಸರಿಯಾಗಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಒಳಗಿನ ಗಾಳಿ ಆಡುವ ಕಿಂಡಿಯಾದ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆ ಎಳೆತಕ್ಕೆ ಆಕ್ಸಲ್ ಸೀಲಿನ ಮೂಲಕ ನೀರು ಒಳಗೆ ಬರುತ್ತದೆ. ಹಾಗಾಗಿ ಬರೀ ಆಯಿಲ್ ಬದಲಿಸಿ ಬಿಟ್ಟರೆ ಮುಂದಿನ ಹಳ್ಳದಲ್ಲಿ ಮತ್ತೆ ಅದೇ ಕಥೆ. ಬ್ರೀದರ್ ಸ್ವಚ್ಛ ಮಾಡಿ, ಸಾಧ್ಯವಾದರೆ ಅದಕ್ಕೆ ಪೈಪು ಜೋಡಿಸಿ ಬಾನೆಟ್ ಒಳಗಿನ ಎತ್ತರಕ್ಕೆ ಒಯ್ಯಿರಿ. ಚಕ್ರದ ಹಬ್ ಮುಳುಗುವಷ್ಟು ನೀರು ದಾಟಿದ ಮೇಲೆ ಕಿಲೋಮೀಟರ್ ಲೆಕ್ಕ ಬದಿಗಿಡಿ. ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕದಲಿಸುವ ಮೊದಲೇ ಡ್ರೇನ್ ಪ್ಲಗ್ ಸ್ವಲ್ಪ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಮೊದಲ ಹನಿಗಳಲ್ಲೇ ಗೊತ್ತಾಗುತ್ತದೆ. ನೀರು ಆಗಲೇ ಆಯಿಲ್‌ನಲ್ಲಿ ಕಲಸಿಹೋಗಿದ್ದರೆ ಬೇರೆಯಾಗಿ ಬರುವುದಿಲ್ಲ, ಆಗ ಬಣ್ಣವೇ ಸಾಕ್ಷಿ.

ಡ್ರೇನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇರುವುದು ಸಹಜ ಸವೆತ. ಬೆರಳುಗಳ ನಡುವೆ ತಿಕ್ಕಿದಾಗ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕಿದರೆ ಹೊಸ ಆಯಿಲ್ ಹಾಕಿ ಸುಮ್ಮನಾಗಬೇಡಿ, ಕವರ್ ಬಿಚ್ಚಿಸಿ ನೋಡಿ.

ಯಾವ ಆಯಿಲ್ ಎಲ್ಲಿಗೆ ಎಂಬುದರಲ್ಲಿ ಎಡವುವವರು ಬಹಳ. ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಮಂದತೆಯ ಗೇರ್ ಆಯಿಲ್ ಬೇಕು. ಕ್ಲಚ್ ಮಾದರಿಯ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದಕ್ಕೆಂದೇ ಇರುವ ಘರ್ಷಣೆ ಹೊಂದಿಸುವ ಮಿಶ್ರಣ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗಡಗಡ ನಡುಗುತ್ತದೆ. ಬಹಳಷ್ಟು ಮ್ಯಾನುವಲ್ ಗೇರ್‌ಬಾಕ್ಸ್‌ಗಳು ಕೇಳುವುದು ಜಿಎಲ್-4. ಉಳಿದಿದೆ ಎಂದು ಡಿಫರೆನ್ಷಿಯಲ್‌ನ ಜಿಎಲ್-5 ಅನ್ನೇ ಅಲ್ಲಿಗೂ ಸುರಿಯಬೇಡಿ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು, ಕೆಲವು ಮಿಶ್ರಣಗಳು ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನುತ್ತವೆ, ಜಾರಿಕೆ ಹೆಚ್ಚಾಗಿ ಗೇರ್ ಬೀಳುವುದೂ ಕಷ್ಟವಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ಅಂತೂ ಗಾಡಿಯಿಂದ ಗಾಡಿಗೆ ಬೇರೆ: ಕೆಲವಕ್ಕೆ ಗೇರ್ ಆಯಿಲ್, ಚೈನ್ ಇರುವ ಹಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್, ಅಂದರೆ ಎಟಿಎಫ್. ಜೀಪ್ ರ್‍ಯಾಂಗ್ಲರ್ ಜೆಕೆ ಕೇಳುವುದು ಎಟಿಎಫ್+4. ಅಂದಾಜಿನ ಮೇಲೆ ಹೋಗದೆ ಕೈಪಿಡಿ ನೋಡಿ.

ಅಳತೆಯಲ್ಲಿ ಡಿಫರೆನ್ಷಿಯಲ್ ಒಂದಕ್ಕೆ ಹೆಚ್ಚಾಗಿ 1.5ರಿಂದ 3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 1ರಿಂದ 2 ಲೀಟರ್ ಹಿಡಿಯುತ್ತದೆ. ತುಂಬಿಸಲು ಬಾಟಲಿಗೆ ಸಿಕ್ಕಿಸುವ ಕೈಪಂಪು ಬೇಕು. ಗೇರ್ ಆಯಿಲ್ ಮಂದವಾಗಿದ್ದರೆ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಲೀಸಾಗಿ ಹೋಗುತ್ತದೆ. ಫಿಲ್ ತೂತಿನಿಂದ ತೆಳು ಎಳೆಯಾಗಿ ಹೊರಬಂದು ನಿಂತಾಗ ತುಂಬಿತು ಎಂದರ್ಥ. ಬಂದ ತಕ್ಷಣ ಪ್ಲಗ್ ಹಾಕಬೇಡಿ. ಒಂದೆರಡು ನಿಮಿಷ ಬಿಟ್ಟು ಮತ್ತಷ್ಟು ಪಂಪ್ ಮಾಡಿ, ಆಯಿಲ್ ಆಕ್ಸಲ್ ಕೊಳವೆಗಳ ಕಡೆಗೂ ಹರಿದಿರುತ್ತದೆ.

ನಿಮ್ಮದು ಆಟೊಮ್ಯಾಟಿಕ್ ಆದರೆ ಪ್ಲಗ್ ಬಿಚ್ಚಿ ಇಳಿಸಿದಾಗ ಅರ್ಧಕ್ಕಿಂತ ಕಡಿಮೆಯೇ ಹೊರಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್ ಪೈಪಿನಲ್ಲಿ ಉಳಿಯುತ್ತದೆ. ಇಳಿದದ್ದನ್ನು ಅಳೆದು ಅಷ್ಟನ್ನೇ ಹಾಕಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ ಕೈಪಿಡಿ ಹೇಳಿದ ಉಷ್ಣತೆಯಲ್ಲಿದ್ದಾಗ, ತಳದ ಚೆಕ್ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು. ಹಲವು ಗಾಡಿಗಳಲ್ಲಿ ಆ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಚೆಕ್ ಪ್ಲಗ್ ಪ್ಲೇಟಿನ ಮರೆಯಲ್ಲಿದ್ದರೆ ಪ್ಲೇಟ್ ಇಳಿಸದೆ ಈ ಕೆಲಸ ಸರಿಯಾಗುವುದಿಲ್ಲ.

ಕೂಲೆಂಟ್ ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಅಂದರೆ ಇದು ಬೆಚ್ಚಗಿನ ಆಯಿಲ್ ಇಳಿಸುವ ಹೊತ್ತಿಗೆ ಕೂಡಿಬರುವ ಕೆಲಸವಲ್ಲ. ಪ್ಲೇಟ್ ಹಾಗೇ ಬಿಚ್ಚಿಟ್ಟು ಮರುದಿನ ಬೆಳಿಗ್ಗೆ ಮಾಡಿ. ರೇಡಿಯೇಟರಿನ ತಳದ ನಲ್ಲಿ ಬಹುಪಾಲು ಪ್ಲಾಸ್ಟಿಕ್‌ನದು, ಪಕ್ಕಡ್‌ನಿಂದ ತಿರುಚಿದರೆ ಮುರಿಯುತ್ತದೆ. ಕೈಯಿಂದ ಬಾರದಿದ್ದರೆ ಕೆಳಗಿನ ಹೋಸ್ ಬಿಚ್ಚುವುದು ಮೇಲು. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪ್ರಮಾಣದಲ್ಲಿದ್ದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್ ತನಕ ಹೆಪ್ಪುಗಟ್ಟುವುದಿಲ್ಲ, ಕುದಿಯುವ ಬಿಂದುವೂ ಮೇಲೇರುತ್ತದೆ. ಕೂಲೆಂಟಿನ ಬಣ್ಣ ನಂಬಿ ಬೇರೆ ಬೇರೆ ಜಾತಿಯದನ್ನು ಬೆರೆಸಬೇಡಿ. ಪ್ಲೇಟಿನ ಮೇಲೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ: ಅದು ಸಿಹಿ ರುಚಿಯ ವಿಷ, ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯ ತನಕ ಕುದಿಯದೆ ತಡೆಯಬೇಕೆಂಬ ಮಾನದಂಡವಿದೆ. ತೇವ ಹೀರಿದ ಮೇಲೆ ಅದೇ ಕನಿಷ್ಠ ಮಿತಿ 155 ಡಿಗ್ರಿ. ಉದ್ದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ತಳ ಸೇರುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಸಿಲಿಕೋನಿನ ಡಾಟ್ 5 ಜೊತೆ ಎಂದೂ ಬೆರೆಸಬೇಡಿ.

ಈಗ ಪ್ಲೇಟ್ ಮತ್ತೆ ಹಾಕುವ ಹೊತ್ತು. ಆತುರ ಬೇಡ. ಹೊಸ ಎಂಜಿನ್ ಆಯಿಲ್ ತುಂಬಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ, ನಿಲ್ಲಿಸಿ, ಪ್ರತಿ ಪ್ಲಗ್, ಫಿಲ್ಟರ್, ಹೋಸ್ ಕೂಡುವ ಜಾಗಗಳನ್ನು ಬಿಳಿ ಟಿಶ್ಯೂನಿಂದ ಒರೆಸಿ ನೋಡಿ. ಒಣಗಿರಬೇಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿ, ಫಿಲ್ಟರಿಗೆ ಹೋದಷ್ಟನ್ನು ತುಂಬಿ. ಪ್ಲೇಟಿನ ಒಳಮೈಯನ್ನು ಡಿಗ್ರೀಸರ್ ಹಾಕಿ ಪೂರ್ತಿ ತೊಳೆಯಿರಿ. ಹಳೇ ಆಯಿಲ್ ಉಳಿದರೆ ಮುಂದೆ ನಿಜವಾದ ಸೋರಿಕೆ ಬಂದಾಗ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೆಂಕಿಯ ಭಯ: ಒಣಹುಲ್ಲು, ಎಲೆ, ಕಡ್ಡಿ ಪ್ಲೇಟಿನ ಮೇಲೆ ಸೇರಿ ಆಯಿಲ್‌ನಲ್ಲಿ ನೆನೆದು, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು ಇದ್ದರೆ ಹೊತ್ತಿಕೊಳ್ಳಲು ಇನ್ನೇನು ಬೇಕು. ದೋಣಿಗೆ ಬಳಸಿದ ರಟ್ಟು, ಒರೆಸಿದ ಬಟ್ಟೆ ಒಳಗೆ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಬೋಲ್ಟುಗಳ ಥ್ರೆಡ್ ಬ್ರಷ್ ಮಾಡಿ, ಬೋಲ್ಟ್ ಕಚ್ಚಿಕೊಳ್ಳದಂತೆ ಆಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರಿ. ಅಲ್ಯೂಮಿನಿಯಂ ಪ್ಲೇಟಿಗೆ ಸ್ಟೀಲ್ ಬೋಲ್ಟ್ ಹಾಕುವ ಕಡೆ ಇದನ್ನು ಬಿಡಲೇಬಾರದು. ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ನಾಲ್ಕೈದು ಸುತ್ತು ಹಾಕಿದ ಮೇಲಷ್ಟೇ ಪಾನಾ ಹಿಡಿಯಿರಿ. ಒಂದನ್ನು ಪೂರ್ತಿ ಬಿಗಿದುಬಿಟ್ಟರೆ ಉಳಿದವುಗಳ ತೂತು ಕೂಡುವುದಿಲ್ಲ, ಓರೆ ಹತ್ತಿ ಥ್ರೆಡ್ ಹೋಗುತ್ತದೆ. ಪ್ಲೇಟ್ ತಯಾರಕರು ಅಂಕಿ ಕೊಟ್ಟಿಲ್ಲವಾದರೆ 8.8 ದರ್ಜೆಯ ಒಣ ಬೋಲ್ಟಿಗೆ ಎಂ8 (8 ಮಿ.ಮೀ. ದಪ್ಪ) ಆದರೆ 22–25, ಎಂ10 ಆದರೆ 45–50 ನ್ಯೂಟನ್ ಮೀಟರ್ ಸರಿಸುಮಾರು. ಪೇಸ್ಟ್ ಹಚ್ಚಿದ್ದರೆ ಕಾಲು ಭಾಗದಷ್ಟು ಕಡಿಮೆ ಮಾಡಿ, ಇಲ್ಲವಾದರೆ ಬೋಲ್ಟ್ ಹಿಗ್ಗುತ್ತದೆ. ಪ್ರತಿ ತಲೆಯಿಂದ ಪ್ಲೇಟಿಗೆ ಹಾಯುವಂತೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಸಡಿಲವಾದದ್ದು ಬಗ್ಗಿ ನೋಡಿದರೆ ಕಾಣುತ್ತದೆ. 100 ಕಿಲೋಮೀಟರ್ ಓಡಿದ ಮೇಲೆ, ಅಥವಾ ಮೊದಲ ಕಲ್ಲುದಾರಿ ಮುಗಿದ ಕೂಡಲೇ, ಎಲ್ಲಕ್ಕೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.